ಹಿದಮಾರಿಗೆ ಓಬಳಮ್ಮನ ಕಂಠ

ವಳ್ಳೂರು

ನಮ್ಮಕ್ಕ ಓಬಳಮ್ಮನ ದನಿ ನಮಗಿಂತ ಒಂದು ವರ್ಷ ಮೊದಲೇ ಜಪಾನಿಗೆ ಹೋಗಿತ್ತು. ಅಲ್ಲಿ ಅದು ಹೇಗಿದೆ ಎಂದು ನೋಡಿಕೊಂಡು ಬರಲು ಆಮೇಲೆ ಅಕ್ಕ, ನಾನು ಇಬ್ಬರೂ ಹೊರಟೆವು.

ಇದನ್ನು ಹೇಳಿದಾಗ ಬಡವನಹಳ್ಳಿಯ ನಮ್ಮ ಶಾಲೆಯ ಟೀಚರುಗಳು ನಕ್ಕರು. ಮೈಯನ್ನು ಇಲ್ಲೇ ಬಿಟ್ಟು ದನಿ ಮಾತ್ರ ವಿಮಾನ ಹತ್ತುವುದು ಹೇಗೆ ಎಂದು ಅವರ ಪ್ರಶ್ನೆ. ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ.

ಅಕ್ಕನನ್ನು ಕೊಟ್ಟಿರುವುದು ಪಾವಗಡದ ಕಡೆಯ ವಳ್ಳೂರಿಗೆ. ಈಗ ಅಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಸೋಲಾರ್ ಪ್ಯಾನೆಲ್‌ಗಳು. ಉದ್ದ ಕೋಲಿನ ಬ್ರಷ್ಷು ಹಿಡಿದು ಅವುಗಳ ಮೇಲಿನ ಧೂಳು ತೊಳೆಯುವ ಹೆಂಗಸರ ಗುಂಪಿನಲ್ಲಿ ಅಕ್ಕನೂ ಇದ್ದಾಳೆ. ಕೆಲಸ ಮಾಡುತ್ತ ಹಾಡದೆ ಇರುವುದು ಅವಳಿಗೆ ಗೊತ್ತಿಲ್ಲ. ಹಳೆಯ ಹಾಡು ಮುಗಿದರೆ ಹೊಸದನ್ನು ತಾನೇ ಕಟ್ಟುತ್ತಾಳೆ. ಪ್ಯಾನೆಲ್‌ಗಳ ಮೇಲೂ ಒಂದು ಕಟ್ಟಿದ್ದಾಳೆ:

ಏಳೋ ಏಳೋ ಸೂರಪ್ಪ, ಎದ್ದು ಬಾರೋ ಸೂರಪ್ಪ
ಗಾಜಿನ ಒಲದಾಗೆ ಬೆಳಕ ಬಿತ್ತೋ ಸೂರಪ್ಪ

ಅಕ್ಕನ ಬಾಯಲ್ಲಿ ಹೊಲ ಯಾವಾಗಲೂ ಒಲ. ಹಾಡು ಅಂದರೆ ಆಡು.

ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳಲು ಕೆಲವು ತಿಂಗಳ ಮಟ್ಟಿಗೆ ಜಪಾನಿನಿಂದ ಅಕೆಮಿ ಎಂಬ ಇಂಜಿನಿಯರ್ ಬಂದಿದ್ದಳು. ಒಂದು ದಿನ ಬಿಸಿಲಿನಲ್ಲಿ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು, ಹಾಡು ಮುಗಿಯುವ ತನಕ ಅಲ್ಲಾಡದೆ ನಿಂತಿದ್ದಳಂತೆ. ಹೆಂಗಸರು ಅವಳಿಗೆ ತಲೆ ಸುತ್ತು ಬಂದಿದೆ ಎಂದುಕೊಂಡು ನೀರು ತಂದುಕೊಟ್ಟರು.

ಅಕೆಮಿಗೆ ಒಂದು ಹವ್ಯಾಸ. ಅವಳ ದೇಶದಲ್ಲಿ ಮೈಯೇ ಇಲ್ಲದ ಗಾಯಕಿಯರಿದ್ದಾರೆ. ಯಾರೋ ಒಬ್ಬರು ಒಂದೊಂದೇ ಅಕ್ಷರವನ್ನು ಉಚ್ಚರಿಸಿ ದನಿ ಕೊಡುತ್ತಾರೆ. ಕಂಪ್ಯೂಟರು ಆ ಅಕ್ಷರಗಳನ್ನು ಪೋಣಿಸಿ, ಯಾವ ಹಾಡು ಬರೆದುಕೊಟ್ಟರೂ ಹಾಡುತ್ತದೆ. ಇನ್ನೊಬ್ಬರು ಅದಕ್ಕೊಂದು ರೂಪ ಬರೆಯುತ್ತಾರೆ. ವೇದಿಕೆಯ ಮೇಲೆ ಬೆಳಕಿನ ಹುಡುಗಿ ಬಂದು ಕುಣಿಯುತ್ತಾಳೆ, ಕೆಳಗೆ ಸಾವಿರಾರು ಜನ ಟಿಕೆಟ್ ಕೊಂಡು ಬಂದು ಕೂಗುತ್ತಾರೆ. ಅಂಥ ಗಾಯಕಿಯರನ್ನು ಮಾಡುವ ಗೆಳೆಯರ ಗುಂಪೊಂದು ಅಕೆಮಿಗಿತ್ತು. "ಎಲ್ಲರ ದನಿಯೂ ಒಂದೇ ಥರ ಆಗಿಹೋಗಿದೆ. ಬಿಸಿಲಿನಲ್ಲಿ ಬದುಕಿದ ದನಿ ಬೇಕು," ಎಂದು ಅವಳು ನನಗೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ನಾನು ಈ ಕಥೆಯೊಳಗೆ ಬಂದದ್ದು ಹೀಗೆ, ದುಭಾಷಿಯಾಗಿ.

ಅಕ್ಕನ ಮನೆಯ ಒಳಕೋಣೆಯಲ್ಲಿ, ಕಡಲೆಕಾಯಿ ಮೂಟೆಗಳ ನಡುವೆ, ಹೊರಗಿನ ಸದ್ದು ಬಾರದಂತೆ ಸುತ್ತಲೂ ಕೌದಿ ಕಟ್ಟಿಕೊಂಡು ಭಾನುವಾರಗಳಲ್ಲಿ ರೆಕಾರ್ಡಿಂಗ್ ನಡೆಯಿತು. ನಾನು ಒಂದನೇ ತರಗತಿಗೆ ಹೇಳಿಕೊಡುವ ಕಾಗುಣಿತವನ್ನೇ ಅಕ್ಕ ಒಂದೇ ಶ್ರುತಿಯಲ್ಲಿ ಎಳೆದೆಳೆದು ಹಾಡಬೇಕು. ಕ ಕಾ ಕಿ ಕೀ. ಶ್ರುತಿ ಏರಿಸಿ ಮತ್ತೆ ಕ ಕಾ ಕಿ ಕೀ. ಸರಿಯಾಗಿ ಳಕಾರಕ್ಕೆ ಬಂದಾಗ ಹುಂಜ ಕೂಗುತ್ತಿತ್ತು. ಕೊನೆಯ ಭಾನುವಾರ ಅಕೆಮಿ ಸೂರಪ್ಪನ ಹಾಡನ್ನೂ ಪೂರ್ತಿ ಹಾಡಿಸಿಕೊಂಡಳು.

ಮುಗಿಸಿ ಹೊರಡುವಾಗ ಅಕ್ಕ ಅಕೆಮಿಗೆ ಒಂದು ಷರತ್ತು ಹಾಕಿದಳು. "ನೋಡು ಅಕ್ಕೆಮ್ಮ, ನನ್ನ ದನೀಲಿ ಆಡ್ಸೋದಾದ್ರೆ ಮೊದ್ಲು ನಂಗೆ ಕೇಳಿಸ್ಬೇಕು. ನಾನು ಊಂ ಅಂದ್ರೆ ಊಂ. ಇಲ್ದಿದ್ರೆ ಇಲ್ಲ."

ಅಕೆಮಿ ತಲೆ ಬಾಗಿಸಿ ಒಪ್ಪಿದಳು. ವರ್ಷದ ಮೇಲೆ ಜಪಾನಿನಿಂದ ಅವಳ ಕರೆ ಬಂತು. ಒಸಾಕಾದಲ್ಲಿ ಅಂಥ ಗಾಯಕಿಯರದ್ದೇ ಒಂದು ದೊಡ್ಡ ಕಾರ್ಯಕ್ರಮ, ಅದರಲ್ಲಿ ನಮ್ಮವಳಿಗೂ ಒಂದು ಹಾಡಿನ ಅವಕಾಶ. ಬಂದು ಕೇಳಿ ಒಪ್ಪಿಗೆ ಕೊಡಬೇಕು. ಓಬಳಮ್ಮನ ದನಿಯ ಬೆಳಕಿನ ಹುಡುಗಿಗೆ ಹಿದಮಾರಿ ಎಂದು ಹೆಸರಿಟ್ಟಿದ್ದೇವೆ.

"ಮಾರಿನಾ?" ಅಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಅಯ್ಯೋ ದೇವುಡಾ, ಅಷ್ಟು ದೂರ ಓಗಿ ಮಾರಮ್ಮನ ಎಸ್ರೇ ಇಟ್ಟವ್ರಲ್ಲೇ!"

ಬಿಸಿಲು ಬಿದ್ದು ಬೆಚ್ಚಗಾದ ಜಾಗಕ್ಕೆ ಜಪಾನಿನಲ್ಲಿ ಹಾಗೆನ್ನುತ್ತಾರೆ ಎಂದು ಅಕೆಮಿ ಹೇಳಿದಳು. ಅಕ್ಕನಿಗೆ ಎರಡೂ ಅರ್ಥ ಒಪ್ಪಿಗೆಯಾದವು.

ಒಸಾಕಾದ ರೈಲು

ಜಪಾನಿನ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಇದು ನಮಗೆ ಹತ್ತಿದ ಮೇಲೆ ಗೊತ್ತಾಯಿತು. ಸಿರಾ ಬಸ್ಸಿನಲ್ಲಿ ಡ್ರೈವರನಿಂದ ಹಿಡಿದು ಹಿಂದಿನ ಸೀಟಿನ ಕೋಳಿಯವರೆಗೆ ಎಲ್ಲರೂ ಮಾತಾಡುತ್ತಿರುತ್ತಾರೆ. ಇಲ್ಲಿ ಇಡೀ ಬೋಗಿ ತುಂಬಿದ್ದರೂ ಪರೀಕ್ಷೆ ಕೊಠಡಿಯಂತಿತ್ತು. ಅಕ್ಕ ಕಿಟಕಿಯಿಂದ ಹೊರಗೆ ನೋಡುತ್ತ, ಹೊಲದಾಚೆ ಕರೆಯುವ ಗಂಟಲಿನಲ್ಲಿ, "ಲೇ ಗಿರಿಜ, ಇವ್ರ ಮನೆ ಮೇಲೂ ಪ್ಯಾನೆಲ್ ಅವೆ ಕಣೇ! ಎಂಗ್ ತೊಳೀತಾರೋ!" ಎಂದಳು. ಇಡೀ ಬೋಗಿ ತಲೆ ಎತ್ತಿತು. ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ನನಗೆ ಹೆಚ್ಚು ಕಷ್ಟವಾಯಿತು.

ಎಲ್ಲಿ ಊಟಕ್ಕೆ ಕೂತರೂ ಮೊದಲು ಬರುವುದು ಐಸ್ ಹಾಕಿದ ನೀರು. ಗಂಟಲು ಕೆಡುತ್ತದೆ ಎಂದು ಅಕ್ಕ ಅದನ್ನು ಮುಟ್ಟುತ್ತಿರಲಿಲ್ಲ. ಕೊನೆಗೆ ರಸ್ತೆ ಬದಿಯ ಮೆಷಿನ್ನಿನಲ್ಲಿ ಬಿಸಿಬಿಸಿ ಡಬ್ಬಿ ಬರುತ್ತದೆ ಎಂದು ಅವಳೇ ಕಂಡುಹಿಡಿದಳು. ಟೀ ಎಂದುಕೊಂಡು ತೆಗೆದದ್ದು ಮುಸುಕಿನ ಜೋಳದ ಸಾರು. ನಿಂತಲ್ಲೇ ಕುಡಿದು, ಉಪ್ಪು ಸರಿಯಾಗಿದೆ ಎಂದಳು.

ಒಂದು ಸಣ್ಣ ಹೋಟೆಲಿನಲ್ಲಿ ಪಕ್ಕದ ಮೇಜಿಗೆ ಕೋಟು ಹಾಕಿದ ನಡುವಯಸ್ಸಿನವರೊಬ್ಬರು ಬಂದರು. ಚೀಲದಿಂದ ಅಂಗೈ ಗಾತ್ರದ ಬೊಂಬೆಯನ್ನು ತೆಗೆದು ಎದುರಿಗೆ ಕೂರಿಸಿದರು. ಅದರ ಮುಂದೆ ಪುಟ್ಟ ಬಟ್ಟಲಿಟ್ಟರು. ಆಮೇಲೆ ಕೈ ಜೋಡಿಸಿ ಊಟಕ್ಕೆ ತೊಡಗಿದರು. ಅವರ ಮೆಚ್ಚಿನ ಗಾಯಕಿ ಅದು, ಇಂಥ ಬೆಳಕಿನ ಹುಡುಗಿಯೇ, ಎಂದು ಜೊತೆಗಿದ್ದ ಅಕೆಮಿ ಪಿಸುಗುಟ್ಟಿದಳು. ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ.

"ಎಡೆ ಇಕ್ಕವ್ನೆ," ಎಂದಳು. "ಅದ್ರಾಗೇನೈತೆ? ಒಬ್ನೇ ಕೂತು ಉಣ್ಣೋಕಿಂತ ವಾಸಿ."

ಅಕೆಮಿಯ ತಾಯಿಯ ಮನೆ

ನಾವು ಇಳಿದುಕೊಂಡದ್ದು ಅಕೆಮಿಯ ತಾಯಿಯ ಮನೆಯಲ್ಲಿ. ಅವರಿಗೆ ಜಪಾನಿ ಬಿಟ್ಟು ಬೇರೆ ಭಾಷೆ ಬಾರದು. ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮಗೆ ಗೊತ್ತಿದ್ದದ್ದೇ. ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ, ಕಕ್ಕಸಿಗೆ ಮತ್ತೊಂದು ಚಪ್ಪಲಿ ಎಂಬುದು ಗೊತ್ತಿರಲಿಲ್ಲ. ಅಕ್ಕ ಕಕ್ಕಸಿನ ಗುಲಾಬಿ ಚಪ್ಪಲಿಯಲ್ಲೇ ಊಟದ ಕೋಣೆಗೆ ಬಂದು ಗಂಭೀರವಾಗಿ ನಿಂತಳು. ಅಕೆಮಿಯ ತಾಯಿ ಅವಳ ಕಾಲು ನೋಡಿದರು, ಮುಖ ನೋಡಿದರು, ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರು ಮಾಡಿದರು. ಅಕ್ಕನೂ ಕಾಲು ನೋಡಿಕೊಂಡು ನಕ್ಕಳು. ಅಲ್ಲಿಂದ ಅವರಿಬ್ಬರಿಗೆ ನನ್ನ ದುಭಾಷಿತನ ಬೇಕಾಗಲೇ ಇಲ್ಲ. ಮೂಲಂಗಿ ಹೆಚ್ಚುತ್ತ ಇವಳು ಕನ್ನಡ ತೆಲುಗು ಕಲಸಿ ಮಾತಾಡಿದರೆ, ಅವರು ಜಪಾನಿಯಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರೂ ಹೂಂಗುಡುತ್ತಿದ್ದರು.

ಮರುದಿನ ಬೆಳಗ್ಗೆ ಕಾರ್ಯಕ್ರಮದ ರಿಹರ್ಸಲ್‌ಗೆ ಹೊರಡುವ ಮುಂಚೆ ಅಕ್ಕ ಅಂಗಳದ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಹೆದರಿಕೆಯಾ?"

"ಎದರಿಕೆ ಅಲ್ಲ. ಅಕ್ಕೆಮ್ಮ ಯೋಳ್ತಾಳೆ, ನಾನು ಸತ್ತಮೇಲೂ ಆ ಉಡುಗಿ ಆಡ್ತಾನೇ ಇರ್ತಾಳಂತೆ. ಅಂಗಾದ್ರೆ ಅದು ನಂದೇ ಆಗಿರ್ಬೇಕಲ್ವೇನೇ? ಬೇರೆ ಯಾರ್ದೋ ಆಗ್ಬಾರ್ದು."

ಆಗಲೂ ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಕರೆಸಿಕೊಂಡು ಇಷ್ಟು ಆದರಿಸಿದ್ದಾರೆ, ಚೆನ್ನಾಗಿದೆ ಎಂದು ಹೇಳಿ ಬಂದರಾಯಿತು ಎಂದುಕೊಂಡಿದ್ದೆ.

ರಿಹರ್ಸಲ್

ಖಾಲಿ ಸಭಾಂಗಣ ಮಧುಗಿರಿ ಬೆಟ್ಟದ ಬುಡದಲ್ಲಿ ನಿಂತ ಹಾಗೆ ಕುತ್ತಿಗೆ ನೋಯುವಷ್ಟು ಎತ್ತರ. ವೇದಿಕೆಯ ನಡುವೆ ಇದೆಯೋ ಇಲ್ಲವೋ ಎನ್ನುವಂಥ ತೆಳು ಪರದೆ. ಆಚೀಚೆ ನಿಜವಾದ ವಾದ್ಯದವರು. ಗುಂಪಿನ ಧ್ವನಿ ಕೆಲಸ ನೋಡಿಕೊಳ್ಳುವವರು ಜುಟ್ಟು ಕಟ್ಟಿದ್ದ, ಐವತ್ತು ದಾಟಿದ ಗಂಡಸು. ಹೆಸರು ಮೋರಿ. ಆ ಹೆಸರು ಕೇಳಿ ಅಕ್ಕ ನನ್ನನ್ನು ಜೋರಾಗಿ ಚಿವುಟಿದಳು. ನಾನು ಅವಳ ಕಡೆ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ಕೆಡುತ್ತಿದ್ದೆವು.

ದೀಪ ಆರಿತು. ಪರದೆಯ ಮೇಲೆ ಹಿದಮಾರಿ ಬಂದಳು. ಬೆಳ್ಳಿಯ ಬಣ್ಣದ ಗಿಡ್ಡ ಕೂದಲು, ಚೆಂಡುಹೂವಿನ ಬಣ್ಣದ ಫ್ರಾಕು, ಹದಿನಾರರ ವಯಸ್ಸು. ಎರಡು ಸಲ ಗಾಳಿಗೆ ಜಿಗಿದು, ಕೈ ಬೀಸಿ ಹಾಡಿದಳು: ಏಳೋ ಏಳೋ ಸೂರಪ್ಪ.

ಒಸಾಕಾದಲ್ಲಿ ಆ ಪದಗಳನ್ನು ಕೇಳಿ ನನ್ನ ಮೈ ಝುಮ್ಮೆಂದಿತು. ದನಿ ಬೆಲ್ಲದ ಪಾನಕದಂತೆ ಜಾರುತ್ತಿತ್ತು. ಎಲ್ಲೂ ಗರಗರ ಇಲ್ಲ, ಉಸಿರಿನ ಸದ್ದಿಲ್ಲ. ಹಾಡು ಮುಗಿದ ಮೇಲೆ ಮೋರಿಯವರು ಬಂದು ಅಕ್ಕನೆದುರು ಬಾಗಿ, ಹೇಗಿದೆ ಎಂದು ಕೇಳಿದರು. ಅಕೆಮಿ ಅದನ್ನು ನನಗೆ ಹೇಳಿದಳು, ನಾನು ಅಕ್ಕನಿಗೆ.

"ಚೆನ್ನಾಗೈತೆ," ಎಂದಳು ಅಕ್ಕ. "ಆದ್ರೆ ಇದು ನಾನಲ್ಲ."

"ತುಂಬ ಚೆನ್ನಾಗಿದೆ ಎನ್ನುತ್ತಿದ್ದಾಳೆ," ಎಂದೆ ನಾನು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಕ್ಕ ಅವರ ನಗುಮುಖಗಳನ್ನು ನೋಡಿ ನನ್ನ ಕಡೆ ತಿರುಗಿದಳು. "ಲೇ ಗಿರಿಜ, ಏನ್ ಯೋಳ್ದೆ ಅವ್ರಿಗೆ?"

"ಚೆನ್ನಾಗಿದೆ ಅಂತ."

"ಇನ್ನರ್ಧ?"

ನಾನು ಹೆಗಲ ಚೀಲ ಸರಿಮಾಡಿಕೊಂಡೆ.

"ಇನ್ನರ್ಧಾನೂ ಯೋಳು. ಅದ್ಕೇ ತಾನೇ ಬಂದಿರೋದು ನಾನು."

ಹೇಳಿದೆ. ಚಪ್ಪಾಳೆ ನಿಂತಿತು. ವಾದ್ಯದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೋರಿಯವರು ಸಿಟ್ಟಾಗಲಿಲ್ಲ, ನಿಧಾನವಾಗಿ ವಿವರಿಸಿದರು. ಪರದೆಯ ಮೇಲಿರುವುದು ಚಿಕ್ಕ ಹುಡುಗಿ. ಅಕ್ಕನ ದನಿ ದಪ್ಪ, ಒರಟು. ಆದ್ದರಿಂದ ಅದನ್ನು ಏರಿಸಿ, ಉಜ್ಜಿ ನುಣ್ಣಗೆ ಮಾಡಿದ್ದೇವೆ. ಬರುವ ಜನಕ್ಕೆ ಇಂಥದ್ದೇ ರೂಢಿ. ಹೊಸ ಗಾಯಕಿಗೆ ಸಿಗುವುದು ಒಂದೇ ಹಾಡು. ಅದು ಹಿಡಿಸದಿದ್ದರೆ ಇನ್ನೊಂದು ಸಲ ಯಾರೂ ಕರೆಯುವುದಿಲ್ಲ.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

"ಇಡಿಸ್ದಿದ್ರೆ ಬುಡ್ಲಿ. ನನ್ನ ದನಿ ಇಡಿಸ್ಲಿಲ್ಲ ಅಂತಾಯ್ತದೆ, ಅಷ್ಟೇ ತಾನೆ? ಇದನ್ನ ಆಡ್ಸಿ, ಇದು ಎಲ್ರಿಗೂ ಇಡಿಸಿದ್ರೆ ನಂಗೇನ್ ಬಂತು? ನನ್ನ ಮೂರು ಮಕ್ಳು ನನ್ನ ಆಡು ಕೇಳ್ತಾ ನಿದ್ದೆ ಮಾಡವೆ. ಇದನ್ನ ಕೇಳಿದ್ರೆ ಒಂದೂ ಗುರ್ತು ಇಡಿಯಾಕಿಲ್ಲ."

ಈ ಸಲ ಪೂರ್ತಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮುಜುಗರ ಹೋಯಿತು.

ಅಕೆಮಿ ತನ್ನ ಲ್ಯಾಪ್‌ಟಾಪ್ ತಂದು ತಂತಿ ಸಿಕ್ಕಿಸಿದಳು. ನಾನು ಮೊದಲು ಮಾಡಿದ್ದು ಇದರಲ್ಲಿದೆ, ಯಾರೂ ಒಪ್ಪಲಿಲ್ಲವೆಂದು ಇಟ್ಟುಕೊಂಡಿದ್ದೆ ಎಂದಳು. ಒತ್ತಿದಳು.

ಆ ಭಾರಿ ಸ್ಪೀಕರುಗಳಲ್ಲಿ ನಮ್ಮಕ್ಕ ಬಂದಳು. ಸಾಲಿನ ಕೊನೆಯಲ್ಲಿ ಜಗ್ಗಿ ಬಿಡುವ ಆ ಕೊಂಕು, ಮೇಲೆ ಹೋಗುವ ಮುಂಚೆ ಎಳೆದುಕೊಳ್ಳುವ ಉಸಿರು, ನಡುವೆ ಮರಳು ಉಜ್ಜಿದಂಥ ಗರಗರ. ಒಲದಾಗೆ ಎಂದೇ ಹಾಡಿದಳು. ತಂತಿ ಸುತ್ತುತ್ತಿದ್ದ ಕೆಲಸದವರು ಸುತ್ತುವುದನ್ನು ಬಿಟ್ಟರು.

"ಇದು ನಾನು," ಎಂದಳು ಅಕ್ಕ.

ಮೋರಿಯವರು ಕಣ್ಣು ಮುಚ್ಚಿ ನಿಂತಿದ್ದರು. ಆಮೇಲೆ ಜುಟ್ಟು ನೆಲಕ್ಕೆ ತಾಗುವುದೇನೋ ಎನ್ನುವಷ್ಟು ಬಾಗಿದರು. ಕಾರ್ಯಕ್ರಮಕ್ಕೆ ಇನ್ನೂ ಎರಡು ದಿನವಿದೆ, ಈ ದನಿ ಬರುವುದಾದರೆ ಜಿಗಿತ ಕುಣಿತ ಹೊಂದುವುದಿಲ್ಲ, ನೀವು ಹಾಡುವಾಗ ಹೇಗೆ ನಿಲ್ಲುತ್ತೀರೋ ಅದನ್ನು ಕೊಡಬೇಕು ಎಂದು ಕೇಳಿದರು.

ಮೋರಿಯವರ ಕೋಣೆ

ನಿಲುವು ಕೊಡುವುದೆಂದರೆ ಮೈಗೆ ಅಂಟುವ ಕರಿಯ ಅಂಗಿ ಹಾಕಿಕೊಂಡು, ಅದರ ತುಂಬ ಬಿಳಿಯ ಗುಂಡುಗಳನ್ನು ಅಂಟಿಸಿಕೊಳ್ಳಬೇಕು. ಸುತ್ತಲಿನ ಕ್ಯಾಮೆರಾಗಳು ಗುಂಡುಗಳ ಚಲನೆಯನ್ನು ಹಿಡಿದು ಬೆಳಕಿನ ಹುಡುಗಿಗೆ ಕೊಡುತ್ತವೆ. ಅಕ್ಕ ಆ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಮಡಚಿ ವಾಪಸ್ಸು ಕೊಟ್ಟಳು. ಕೊನೆಗೆ ಸೀರೆಯ ಮೇಲೆಯೇ ಪಟ್ಟಿ ಕಟ್ಟಿ ಗುಂಡುಗಳನ್ನು ಕೂರಿಸಿದರು. ಕೈಗೆ ಅಂಗಡಿಯಿಂದ ತಂದ ನೆಲ ಒರೆಸುವ ಕೋಲು ಕೊಟ್ಟರು.

ಅಕ್ಕ ಹಾಡಿದಳು. ಪಕ್ಕದ ಪರದೆಯಲ್ಲಿ ಹಿದಮಾರಿಯೂ ಕಾಲು ಅಗಲಿಸಿ, ನೆಲ ಹಿಡಿದು ನಿಂತಳು. ತಲೆ ಸ್ವಲ್ಪ ಎಡಕ್ಕೆ ವಾಲಿತು. ಎರಡು ಸಾಲು ಮುಗಿದು ದನಿ ಎತ್ತುವ ಮುಂಚೆ ಅಕ್ಕ ಯಾವಾಗಲೂ ಮಾಡುವಂತೆ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಫ್ರಾಕು ತೊಟ್ಟ ಹಿದಮಾರಿಯೂ ಇಲ್ಲದ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಇದನ್ನು ತೆಗೆದುಹಾಕಬೇಕಾಗುತ್ತದೆ ಎಂದು ನಾನೇ ಹೇಳಿದೆ. ಮೋರಿಯವರು ಪರದೆಯಿಂದ ಕಣ್ಣು ಕೀಳದೆ ಬೇಡವೆಂದು ತಲೆಯಾಡಿಸಿದರು. "ತೆಗೆಯುವುದಿಲ್ಲ. ಇವತ್ತು ಮೊದಲ ಸಲ ಇವಳಿಗೆ ಸೊಂಟ ಬಂದಿದೆ," ಎಂದರಂತೆ. ಅದನ್ನು ಕನ್ನಡಕ್ಕೆ ತಂದಾಗ ಅಕ್ಕ ಅವರ ಹೆಸರಿನ ತಮಾಷೆಯನ್ನು ಪೂರ್ತಿ ಕ್ಷಮಿಸಿಬಿಟ್ಟಳು.

ಕಾರ್ಯಕ್ರಮ

ಸಂಜೆ ಬಾಗಿಲು ತೆರೆಯುವ ಮೊದಲೇ ಉದ್ದದ ಸಾಲು. ಶಾಲೆ ಸಮವಸ್ತ್ರದ ಹುಡುಗಿಯರು, ಕಚೇರಿಯಿಂದ ನೇರ ಬಂದವರು, ಮಕ್ಕಳನ್ನೆತ್ತಿಕೊಂಡವರು, ಕೋಲೂರಿಕೊಂಡ ಒಬ್ಬ ಅಜ್ಜ. ಎಲ್ಲರ ಕೈಯಲ್ಲೂ ಬಣ್ಣ ಬದಲಿಸುವ ಬೆಳಕಿನ ಕಡ್ಡಿ. ಒಬ್ಬೊಬ್ಬ ಗಾಯಕಿಗೂ ಒಂದೊಂದು ಬಣ್ಣ. ಅವಳು ಬಂದೊಡನೆ ಇಡೀ ಸಭಾಂಗಣ ಆ ಬಣ್ಣಕ್ಕೆ ತಿರುಗಿ, ತಾಳ ತಪ್ಪದೆ ಒಂದೇ ಅಲೆಯಾಗಿ ಬೀಸುತ್ತದೆ. ರೈಲಿನಲ್ಲಿ ಕೆಮ್ಮಲೂ ಸಂಕೋಚಪಡುವ ಜನ ಇವರೇನಾ ಎನ್ನಿಸಿತು. ಕುತ್ತಿಗೆಯ ನರ ಉಬ್ಬುವಂತೆ ಕೂಗುತ್ತಿದ್ದರು. ಬೆಳಕಿನ ಹುಡುಗಿ ವಂದಿಸಿದರೆ ಇವರೂ ಬಾಗುತ್ತಿದ್ದರು. ಅವಳಿಗೆ ಬೆವರಿಲ್ಲ. ಆಚೆ ಡ್ರಮ್ಸ್ ಬಾರಿಸುವವನು ಮಾತ್ರ ಅವಳ ಪಾಲಿನದನ್ನೂ ಸೇರಿಸಿ ಬೆವರುತ್ತಿದ್ದ.

ನಾವು ಕೂತದ್ದು ನಡುವಿನ ಸಾಲಿನಲ್ಲಿ, ಜನರ ಮಧ್ಯೆ. ಅಕೆಮಿ ತೆರೆಯ ಹಿಂದಿದ್ದಳು. ನಮ್ಮವಳ ಸರದಿ ಹತ್ತಿರವಾದಂತೆ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಪ್ಯಾನೆಲ್ ತೊಳೆಯುವ ಕೈ, ನನ್ನ ಎಲುಬು ನೋಯುತ್ತಿತ್ತು. ಬಿಡಿಸಿಕೊಳ್ಳಲಿಲ್ಲ.

ದೀಪ ಆರಿತು. ಹಿದಮಾರಿ ಬಂದು, ಕೋಲು ಹಿಡಿದು, ಕಾಲೂರಿ ನಿಂತಳು. ಯಾರಿಗೂ ಅವಳ ಗುರುತಿಲ್ಲ. ಯಾವ ಬಣ್ಣ ಹಾಕಬೇಕೆಂದು ತಿಳಿಯದೆ ಕಡ್ಡಿಗಳೆಲ್ಲ ಆರಿದವು. ಪೂರ್ತಿ ಕತ್ತಲು. ವಾದ್ಯಗಳೂ ಸುಮ್ಮನಿದ್ದವು. ಆ ಕತ್ತಲಿನಲ್ಲಿ ಮೊದಲು ಕೇಳಿಸಿದ್ದು ಒಂದು ಉಸಿರು.

ಏಳೋ ಏಳೋ ಸೂರಪ್ಪ, ಎದ್ದು ಬಾರೋ ಸೂರಪ್ಪ.

ಯಾರೂ ಕೂಗಲಿಲ್ಲ. ಎರಡನೇ ಸಾಲಿಗೂ ಕೂಗಲಿಲ್ಲ. ಮೋರಿಯವರು ಹೇಳಿದ್ದೇ ಆಯಿತು ಎಂದುಕೊಂಡೆ. ಅಕ್ಕ ಮಾತ್ರ ಮುಂದೆ ನೋಡುತ್ತಲೇ ಇದ್ದಳು.

ವಾದ್ಯಗಳು ಸೇರಿಕೊಂಡವು. ಹಿದಮಾರಿ ಇಲ್ಲದ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿ ದನಿ ಎತ್ತಿದಳು. ಆಗ ಎಡಗಡೆ ಎಲ್ಲೋ ದೂರದಲ್ಲಿ ಒಂದು ಕಡ್ಡಿ ಹೊತ್ತಿಕೊಂಡಿತು, ಚೆಂಡುಹೂವಿನ ಬಣ್ಣ. ಅದರ ಪಕ್ಕ ಇನ್ನೊಂದು. ಆಮೇಲೆ ಸಾಲುಸಾಲಾಗಿ ಹೊತ್ತುತ್ತ ಮೇಲಿನ ಬಾಲ್ಕನಿಯವರೆಗೆ ಹೋಯಿತು. ಗೌಡಗೆರೆಯ ದಾರಿಯಲ್ಲಿ ಹಬ್ಬಕ್ಕೆ ಮುಂಚೆ ಚೆಂಡುಹೂವಿನ ಹೊಲ ನೋಡಿದವರಿಗೆ ಗೊತ್ತು, ಆ ಬಣ್ಣ ಒಟ್ಟಿಗೆ ಕಂಡರೆ ಕಣ್ಣು ಹೇಗೆ ತುಂಬುತ್ತದೆ ಎಂದು. ಹಾಡಿನ ಸಾಲು ಮುಗಿದಲ್ಲಿ ಯಾರೋ "ಸೂರಪ್ಪ!" ಎಂದರು. ಮುಂದಿನ ಸಾಲಿಗೆ ನೂರಾರು ಗಂಟಲು. ಅದರ ಮುಂದಿನದಕ್ಕೆ ಇಡೀ ಸಭಾಂಗಣ, "ಸೂರಪ್ಪ! ಸೂರಪ್ಪ!" ಎದುರಿನ ಸಾಲಿನ ಹುಡುಗಿಯರು ಎಡಗೈಯಿಂದ ಏನನ್ನೋ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನಾನು ಅಳುತ್ತಿದ್ದೆ, ನಗುತ್ತಿದ್ದೆ, ಸೂರಪ್ಪ ಎಂದು ಕಿರುಚುತ್ತಲೂ ಇದ್ದೆ.

ನನ್ನ ಮಣಿಕಟ್ಟು ಹಗುರಾಯಿತು. ಅಕ್ಕ ಎದ್ದು ನಿಂತಿದ್ದಳು. ಹಾಡುತ್ತಿದ್ದಳು. ಮೈಕಿಲ್ಲದೆ, ವಳ್ಳೂರಿನ ಬಯಲಿನಲ್ಲಿ ಹಾಡುವಂತೆ ಎದೆಯಿಂದ ಎತ್ತಿ ಹಾಡುತ್ತಿದ್ದಳು. ಮುಂದಿನಿಂದ ಬಂದ ದನಿಯೂ ಪಕ್ಕದಿಂದ ಬಂದ ದನಿಯೂ ಒಂದೇ ಜಾಗದಲ್ಲಿ ಉಸಿರೆಳೆದುಕೊಂಡವು, ಒಂದೇ ಜಾಗದಲ್ಲಿ ಕೊಂಕಿದವು.

ಅಕ್ಕನ ಆಚೆ ಕೂತಿದ್ದ ಹೆಂಗಸು ಮೊದಲು ತಿರುಗಿ ನೋಡಿದಳು. ವೇದಿಕೆ ನೋಡಿದಳು, ಅಕ್ಕನ ಬಾಯಿ ನೋಡಿದಳು, ಮತ್ತೆ ವೇದಿಕೆ. ಕೈಯ ಕಡ್ಡಿ ಹಾಗೇ ನಿಂತಿತು. ಹಿಂದಿನ ಸಾಲಿನವರೂ ಬಗ್ಗಿ ನೋಡಿದರು. ಹಾಡು ಮುಗಿದು ಸಭಾಂಗಣ ಗುಡುಗುವ ಹೊತ್ತಿಗೆ ನಮ್ಮ ಸುತ್ತಲಿನ ಒಂದಷ್ಟು ಜನ ವೇದಿಕೆಗೆ ಬೆನ್ನು ಹಾಕಿ, ಅಕ್ಕನ ಕಡೆ ಕಡ್ಡಿ ಎತ್ತಿ ಹಿಡಿದಿದ್ದರು.

ಆ ಹೆಂಗಸು ಫೋನ್ ತೆಗೆದು ಅದಕ್ಕೆ ಜಪಾನಿಯಲ್ಲಿ ಏನೋ ಹೇಳಿದಳು. ಫೋನು ಪುಸ್ತಕದ ಕನ್ನಡದಲ್ಲಿ ಕೇಳಿತು: "ತಾವು ಹಿದಮಾರಿಯವರೇ?"

ಅಕ್ಕ ಏದುಸಿರು ಬಿಡುತ್ತ ನಕ್ಕಳು. ನನ್ನ ಕಡೆ ತಿರುಗಲಿಲ್ಲ. ಫೋನಿನ ಹತ್ತಿರ ಬಾಯಿ ತಂದು, ತಾನೇ ಉತ್ತರ ಕೊಟ್ಟಳು.

"ಇಲ್ಲ ಕಣಮ್ಮ. ನಾನು ಓಬಳಮ್ಮ. ಅವ್ಳು ನನ್ನಂಗೆ ಆಡ್ತಾಳೆ, ಅಷ್ಟೆ."